ಮೃತರು ಬಿಟ್ಟುಹೋದ ನ್ಯಾಸ

ಮಡಿದವರ ಗೌರವವನ್ನು ಹೆಚ್ಚಿಸುವ ಸುಳ್ಳು ದೋಷವೆನಿಸುತ್ತದೆಯೇ? ನಿಂದೆಗಾಗಿ ಆಡಿದ ಅಸತ್ಯವನ್ನು ಎಲ್ಲ ಧರ್ಮಗಳೂ ಖಂಡಿಸುತ್ತವೆ. ಲಾಭಕ್ಕಾಗಿ ಆಡಿದ ಅಸತ್ಯವನ್ನು ನ್ಯಾಯಾಲಯವೂ ದಂಡಿಸುತ್ತದೆ. ಆದರೆ ವೀರರ ಕೀರ್ತಿಗಾಗಿ, ದೇಶಾಭಿಮಾನದ ಆವೇಶದಲ್ಲಿ, ಸಹಸ್ರಾರು ಜನರ ಕಣ್ಣುಗಳಲ್ಲಿ ನೀರು ತರಿಸಬೇಕೆಂಬ ಉದ್ದೇಶದಿಂದ ಹೇಳಿದ ಅಸತ್ಯದ ಸ್ಥಾನ ಯಾವುದು? ಹಿಂದೆ ಈ ಪ್ರಶ್ನೆ ಕವಿಗಳಿಗೂ ಚರಿತ್ರಕಾರರಿಗೂ ಮಾತ್ರ ಸಂಬಂಧಿಸಿತ್ತು. ಯುದ್ಧಚಿತ್ರಗಳು ಮನೆಮನೆಗೆ ಬಂದಿರುವ ಕಾಲದಲ್ಲಿ ಅದು ಪ್ರತಿಯೊಬ್ಬ ಗೃಹಸ್ಥನ ಪ್ರಶ್ನೆಯಾಗಿದೆ. ಪಠ್ಯಪುಸ್ತಕದಲ್ಲಿ ಎರಡು ಸಾಲಿಗೂ ಎಡೆ ದೊರೆಯದ ಕದನವೊಂದು ತೆರೆಯ ಮೇಲೆ ಮೂರು ಗಂಟೆಗಳ ಕಥೆಯಾದಾಗ, ಮುಂದಿನ ಪೀಳಿಗೆಗೆ ಆ ಮೂರು ಗಂಟೆಗಳೇ ಇತಿಹಾಸವಾಗಿ ಉಳಿಯುತ್ತವೆ. ಆದುದರಿಂದ ಆ ಕಥೆಯ ಸತ್ಯಾಸತ್ಯತೆಯನ್ನು ಕೇವಲ ಮನರಂಜನೆಯ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಒಂದು ಉದಾಹರಣೆಯಿಂದ ವಿಚಾರವನ್ನು ಆರಂಭಿಸಬಹುದು. ೧೯೭೧ರ ಡಿಸೆಂಬರ್ ೪ರ ರಾತ್ರಿ ರಾಜಸ್ಥಾನದ ಮರುಭೂಮಿಯಲ್ಲಿ, ಜೈಸಲ್ಮೇರ್ ಜಿಲ್ಲೆಯ ಲೋಂಗೆವಾಲಾ ಎಂಬ ಗಡಿಠಾಣೆಯ ಮೇಲೆ ಪಾಕಿಸ್ತಾನದ ಸೇನೆ ಏರಿಬಂದಿತು. ಠಾಣೆಯಲ್ಲಿದ್ದುದು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ನಾಯಕತ್ವದಲ್ಲಿ ೨೩ನೆಯ ಪಂಜಾಬ್ ಪಡೆಯ ಒಂದು ಕಂಪೆನಿ. ಸುಮಾರು ೧೨೦ ಜನ. ಅವರೊಡನೆ ಗಡಿ ಭದ್ರತಾ ಪಡೆಯ ಕೆಲವರು. ಎದುರಿಗೆ ಬಂದುದು ಸುಮಾರು ಎರಡು ಸಾವಿರ ಸೈನಿಕರು ಮತ್ತು ನಲವತ್ತಕ್ಕೂ ಹೆಚ್ಚು ಟ್ಯಾಂಕುಗಳು. ಜೈಸಲ್ಮೇರ್ ವಿಮಾನನೆಲೆಯಲ್ಲಿದ್ದ ಹಂಟರ್ ವಿಮಾನಗಳಿಗೆ ಕತ್ತಲಲ್ಲಿ ಹೋರಾಡುವ ಸೌಲಭ್ಯವಿರಲಿಲ್ಲ. ಠಾಣೆಯವರು ಎತ್ತರದ ದಿಬ್ಬ, ಮುಳ್ಳುತಂತಿ ಮತ್ತು ಕೆಲವೇ ಟ್ಯಾಂಕುನಾಶಕ ಆಯುಧಗಳನ್ನು ನೆಚ್ಚಿಕೊಂಡು ಬೆಳಗಾಗುವವರೆಗೆ ತಡೆದು ನಿಂತರು. ಸೂರ್ಯೋದಯದೊಂದಿಗೆ ಬಂದ ವಿಮಾನಗಳು ಬಯಲು ಮರಳಿನಲ್ಲಿ ಮರೆಯಿಲ್ಲದೆ ನಿಂತಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ನಾಶಮಾಡಿದವು. ಭಾರತೀಯ ಪಕ್ಷದಲ್ಲಿ ಮಡಿದವರು ಇಬ್ಬರು.

ಈ ಕದನವನ್ನು ಆಧರಿಸಿ ಜೆ. ಪಿ. ದತ್ತಾ ಅವರು ೧೯೯೭ರಲ್ಲಿ ‘ಬಾರ್ಡರ್’ ಎಂಬ ಹಿಂದಿ ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದರು. ಅದು ದೇಶದಾದ್ಯಂತ ಅಪಾರ ಜನಪ್ರಿಯತೆ ಗಳಿಸಿತು. ಲೋಂಗೆವಾಲಾ ಎಂಬ ಹೆಸರನ್ನು ಕೋಟ್ಯಂತರ ಜನರ ಬಾಯಲ್ಲಿ ನೆಲೆಗೊಳಿಸಿತು. ಆದರೆ ಚಿತ್ರದಲ್ಲಿ ಠಾಣೆಯ ವೀರರು ಒಬ್ಬರ ಹಿಂದೊಬ್ಬರು ಪ್ರಾಣಾರ್ಪಣೆ ಮಾಡುತ್ತಾರೆ. ಅವರಲ್ಲಿ ಒಬ್ಬರು ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್. ವಾಸ್ತವದಲ್ಲಿ ಭೈರೋನ್ ಸಿಂಗ್ ಎಂಬ ಯೋಧರು ಆ ರಾತ್ರಿ ಲೋಂಗೆವಾಲಾದಲ್ಲಿ ಹೋರಾಡಿದ್ದು ನಿಜ. ಅದಕ್ಕಾಗಿ ೧೯೭೨ರಲ್ಲಿ ಸೇನಾ ಪದಕ ಪಡೆದದ್ದೂ ನಿಜ. ಆದರೆ ಅವರು ಅಂದು ಸಾಯಲಿಲ್ಲ. ಚಿತ್ರ ತೆರೆಕಂಡ ಮೇಲೆಯೂ ಇಪ್ಪತ್ತೈದು ವರ್ಷ ಬದುಕಿದ್ದು, ೨೦೨೨ರ ಡಿಸೆಂಬರ್‌ನಲ್ಲಿ ಜೋಧಪುರದಲ್ಲಿ ನಿಧನರಾದರು. ಬದುಕಿರುವ ಮನುಷ್ಯನನ್ನು ಅವನ ಹೆಸರಿನಿಂದಲೇ ತೆರೆಯ ಮೇಲೆ ಕೊಂದು, ಅವನಿಗಾಗಿ ದೇಶವನ್ನೇ ಅಳಿಸಲಾಯಿತು. ಈ ಅಳುವಿನಲ್ಲಿ ದ್ವೇಷವಿಲ್ಲ, ಅವಮಾನವಿಲ್ಲ, ಇರುವುದು ಗೌರವವೇ. ಹೀಗಿದ್ದೂ ವಿವೇಕಿಯಾದವನ ಮನಸ್ಸಿಗೆ ಇಲ್ಲೊಂದು ಮುಳ್ಳು ಚುಚ್ಚದಿರದು.

ಆ ಮುಳ್ಳಿನ ಸ್ವರೂಪವನ್ನು ತಿಳಿಯಲು ಪ್ರಾಚೀನ ಆಚಾರ್ಯರ ವಿವೇಚನೆ ನೆರವಿಗೆ ಬರುತ್ತದೆ. ಗೃಹಸ್ಥನ ಸತ್ಯವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಎಣಿಸುತ್ತದೆ. ಅವುಗಳಲ್ಲಿ ಎರಡು ಪ್ರಸ್ತುತ ವಿಚಾರಕ್ಕೆ ಸಂಬಂಧಿಸಿದವು: ಒಂದು ಕೂಟಲೇಖಕ್ರಿಯೆ, ಇನ್ನೊಂದು ನ್ಯಾಸಾಪಹಾರ. ಒಬ್ಬನು ಹೇಳದಿರುವುದನ್ನು ಹೇಳಿದನೆಂದೂ ಮಾಡದಿರುವುದನ್ನು ಮಾಡಿದನೆಂದೂ ಪರರನ್ನು ವಂಚಿಸುವ ಸಲುವಾಗಿ ಬರೆದಿಡುವುದು ಕೂಟಲೇಖ. ನ್ಯಾಸಾಪಹಾರವೆಂದರೆ ಇಟ್ಟುಕೊಂಡ ಒತ್ತೆಯ ಧನವನ್ನು ಅಪಹರಿಸುವುದು. ಇದು ಕಳವಲ್ಲವೇ, ಇದನ್ನು ಅಚೌರ್ಯದ ಅಡಿಯಲ್ಲಿ ಸೇರಿಸದೆ ಸತ್ಯದ ಅಡಿಯಲ್ಲಿ ಏಕೆ ಸೇರಿಸಿದರು ಎಂಬ ಸಂದೇಹ ಸಹಜ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಕೊಡುವ ವಿವರಣೆಯಿಂದ ಆ ಸಂದೇಹ ಪರಿಹಾರವಾಗುತ್ತದೆ. ಧನವನ್ನು ಇಟ್ಟವನು ತಾನಿಟ್ಟ ಸಂಖ್ಯೆಯನ್ನು ಮರೆತು, ಕಡಿಮೆ ಸಂಖ್ಯೆಯನ್ನು ಹೇಳಿ ಮರಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುತ್ತಾನೆ. ನೂರು ವರಹ ಇಟ್ಟವನು ಅರವತ್ತು ಕೇಳಿದ. ಅರವತ್ತನ್ನು ಕೊಟ್ಟು ಕಳುಹಿಸಲಾಯಿತು. ಇಲ್ಲಿ ಯಾರೂ ಬೀಗ ಮುರಿಯಲಿಲ್ಲ, ಕೇಳಿದ್ದನ್ನು ಇಲ್ಲವೆನ್ನಲೂ ಇಲ್ಲ. ಮರೆವಿಗೆ ಹೂಂಗುಟ್ಟಿದ್ದೇ ದೋಷ.

ವ್ಯಾಪಾರವೃತ್ತಿಯಲ್ಲಿರುವ ಸಮಾಜಕ್ಕೆ ಈ ವಿವರಣೆಯ ಸೂಕ್ಷ್ಮ ಬೇಗನೆ ಹೊಳೆಯುತ್ತದೆ. ಲೆಕ್ಕ ಕೇಳುವವನ ಮರೆವಿನಿಂದ ಲೆಕ್ಕ ಬದಲಾಗುವುದಿಲ್ಲ. ರಣರಂಗದಲ್ಲಿ ಮಡಿದವರು ಮತ್ತು ಬದುಕಿ ಮರಳಿದವರು ತಮ್ಮ ಕೃತಿಯನ್ನು ಮುಂದಿನವರ ಬಳಿ ಇಟ್ಟುಹೋದ ನ್ಯಾಸವೆಂದು ಭಾವಿಸಿದರೆ, ಮರೆತ ಕದನಗಳ ಪ್ರಶ್ನೆ ಸ್ಪಷ್ಟವಾಗುತ್ತದೆ. ಆ ನ್ಯಾಸಕ್ಕೆ ವಾರಸುದಾರರಾದ ಜನತೆ ಕಾಲಕ್ರಮದಲ್ಲಿ ಸಂಖ್ಯೆಯನ್ನು ಮರೆಯುತ್ತದೆ, ಅಲ್ಪವನ್ನೇ ಕೇಳುತ್ತದೆ. ಕಥೆ ಹೇಳುವವನು ಆ ಅಲ್ಪವನ್ನೇ ಪೂರ್ಣವೆಂದು ಒಪ್ಪಿಸಿ ಕಳುಹಿಸಿದರೆ, ಅದು ನ್ಯಾಸಾಪಹಾರಕ್ಕೆ ಸಮೀಪದ ಕಾರ್ಯವೇ ಆಗುತ್ತದೆ.

ಇದಕ್ಕೆ ಕನ್ನಡ ನಾಡಿಗೆ ಸಂಬಂಧಿಸಿದ ನಿದರ್ಶನವೊಂದಿದೆ. ಮೊದಲನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, ೧೯೧೮ರ ಸೆಪ್ಟೆಂಬರ್ ೨೩ರಂದು, ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರ ಮತ್ತು ಜರ್ಮನರ ವಶದಿಂದ ಬಿಡಿಸಿದವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಲ್ಯಾನ್ಸರ್ಸ್ ಅಶ್ವದಳದವರು. ಮೈಸೂರು ದಳದ ತುಕಡಿಯೊಂದು ಕಾರ್ಮೆಲ್ ಬೆಟ್ಟವನ್ನು ಕಡಿದಾದ ದಾರಿಯಿಂದ ಏರಿ ಮೇಲಿನ ಫಿರಂಗಿಗಳನ್ನು ಹಿಡಿಯಿತು. ಜೋಧಪುರದವರು ಮೆಷಿನ್‌ಗನ್ನುಗಳಿಗೆ ಎದುರಾಗಿ ಪಟ್ಟಣದೊಳಕ್ಕೆ ನುಗ್ಗಿದರು. ಅವರ ಮೇಜರ್ ದಲ್‌ಪತ್ ಸಿಂಗ್ ಅಂದೇ ಮಡಿದರು. ಸೆರೆಯಾದವರು ೧,೩೦೦ಕ್ಕೂ ಹೆಚ್ಚು. ದಾಳಿ ಮಾಡಿದವರಲ್ಲಿ ಮಡಿದವರು ಎಂಟು ಜನ, ಗಾಯಗೊಂಡವರು ೩೪. ಸತ್ತ ಕುದುರೆಗಳು ಅರವತ್ತು. ಭರ್ಜಿ ಹಿಡಿದ ಸವಾರರು ಬಂದೂಕು ಫಿರಂಗಿಗಳಿಂದ ರಕ್ಷಿತವಾದ ನಗರವೊಂದನ್ನು ಗೆದ್ದ ಪ್ರಸಂಗ ಆಧುನಿಕ ಯುದ್ಧಚರಿತ್ರೆಯಲ್ಲಿ ಅತ್ಯಂತ ವಿರಳ.

ಇದೇ ರಣರಂಗವನ್ನು, ಇದೇ ವರ್ಷಗಳನ್ನು ಕುರಿತು ಡೇವಿಡ್ ಲೀನ್ ೧೯೬೨ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರವನ್ನು ನಿರ್ದೇಶಿಸಿದರು. ಏಳು ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಆ ಚಿತ್ರ ಕಲೆಯ ದೃಷ್ಟಿಯಿಂದ ಶ್ರೇಷ್ಠವೆಂಬುದರಲ್ಲಿ ವಿವಾದವಿಲ್ಲ. ೧೯೧೭ರಲ್ಲಿ ಅಖಬಾ ಬಂದರು ಬಿದ್ದುದರಿಂದ ಹಿಡಿದು ೧೯೧೮ರಲ್ಲಿ ಡಮಾಸ್ಕಸ್ ಕೈವಶವಾದುದರವರೆಗೆ ಕಥೆ ಸಾಗುತ್ತದೆ. ಆದರೆ ಅದರಲ್ಲಿ ಮೈಸೂರಿನ ಸವಾರನಿಲ್ಲ, ಜೋಧಪುರದ ಸವಾರನಿಲ್ಲ. ೧೯೧೮ರಲ್ಲಿ ಬ್ರಿಟಿಷ್ ತುಕಡಿಗಳು ಫ್ರಾನ್ಸಿಗೆ ಹೋದಾಗ ಆ ಸ್ಥಾನಗಳನ್ನು ತುಂಬಿದ ಸಾವಿರಾರು ಭಾರತೀಯ ಸೈನಿಕರ ಕಥೆಯೂ ಇಲ್ಲ. ಭಾರತದ ನಟ ಐ. ಎಸ್. ಜೋಹರ್ ಆ ಚಿತ್ರದಲ್ಲಿ ಕಾಣಿಸಿಕೊಳ್ಳುತ್ತಾರೆ. ಅದೂ ಅರಬನೊಬ್ಬನ ಪಾತ್ರದಲ್ಲಿ. ಡಮಾಸ್ಕಸ್ ನಗರವನ್ನು ಮೊದಲು ಪ್ರವೇಶಿಸಿದ ಆಸ್ಟ್ರೇಲಿಯಾದ ಅಶ್ವದಳಕ್ಕೂ ಅಲ್ಲಿ ಸಲ್ಲಬೇಕಾದ ಸ್ಥಾನ ದೊರೆತಿಲ್ಲ. ನಿರ್ದೇಶಕರು ಮೈಸೂರಿನವರ ಮೇಲೆ ಒಂದು ಸುಳ್ಳನ್ನೂ ಹೊರಿಸಲಿಲ್ಲ; ಪ್ರೇಕ್ಷಕರು ಅವರನ್ನು ಕೇಳಲಿಲ್ಲ, ಚಿತ್ರ ಅವರನ್ನು ಕೊಡಲಿಲ್ಲ. ದೆಹಲಿಯ ತೀನ್‌ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಸವಾರರನ್ನು ಸೂಚಿಸುತ್ತವೆ ಎಂಬುದು ಆ ಹೆಸರನ್ನು ದಿನವೂ ಉಚ್ಚರಿಸುವವರಲ್ಲಿ ಎಷ್ಟು ಜನರಿಗೆ ಗೊತ್ತು? ೨೦೧೮ರಲ್ಲಿ ವೃತ್ತದ ಹೆಸರಿಗೆ ‘ಹೈಫಾ’ ಸೇರಿದ ಮೇಲೆಯಷ್ಟೇ ಹಲವರು ಆ ಕಡೆ ತಿರುಗಿ ನೋಡಿದರು.

ಮರೆವು ಎಷ್ಟು ಬೇಗ ಆವರಿಸುತ್ತದೆ ಎಂಬುದಕ್ಕೆ ರೆಜಾಂಗ್ ಲಾ ಸಾಕ್ಷಿ. ೧೯೬೨ರ ನವೆಂಬರ್ ೧೮ರಂದು, ಲಡಾಖಿನ ಚುಶೂಲ್ ಸಮೀಪ, ಸುಮಾರು ೧೬,೦೦೦ ಅಡಿ ಎತ್ತರದ ಕಣಿವೆಯ ದಾರಿಯಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ನಾಯಕತ್ವದಲ್ಲಿ ೧೩ನೆಯ ಕುಮಾಂವ್ ಪಡೆಯ ಒಂದು ಕಂಪೆನಿ ಚೀನೀ ಸೇನೆಯನ್ನು ಎದುರಿಸಿತು. ನಡುವೆ ಬೆಟ್ಟ ಅಡ್ಡವಿದ್ದುದರಿಂದ ಫಿರಂಗಿಗಳ ನೆರವು ದೊರೆಯಲಿಲ್ಲ. ಸುಮಾರು ೧೨೦ ಜನರಲ್ಲಿ ೧೧೦ಕ್ಕೂ ಹೆಚ್ಚು ಮಂದಿ ಮಡಿದರು. ಬದುಕುಳಿದ ಕೆಲವರು ಬಂದು ಹೇಳಿದ ಮಾತನ್ನು ಮೊದಲು ನಂಬದವರಿದ್ದರು. ಮೂರು ತಿಂಗಳ ಅನಂತರ, ೧೯೬೩ರ ಫೆಬ್ರವರಿಯಲ್ಲಿ, ಹಿಮದಲ್ಲಿ ಹೆಪ್ಪುಗಟ್ಟಿದ ದೇಹಗಳು ಆಯುಧ ಹಿಡಿದ ಸ್ಥಿತಿಯಲ್ಲಿಯೇ ದೊರೆತಾಗ ಆ ಮಾತು ಅಕ್ಷರಶಃ ನಿಜವೆಂದು ತಿಳಿಯಿತು. ಶೈತಾನ್ ಸಿಂಗ್ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು.

೧೯೬೪ರಲ್ಲಿ ಚೇತನ್ ಆನಂದ್ ಅವರು ಈ ಯುದ್ಧವನ್ನು ಕುರಿತು ‘ಹಕೀಕತ್’ ಚಿತ್ರವನ್ನು ತೆಗೆದರು. ಅದರ ಹಿಂದೆ ರೆಜಾಂಗ್ ಲಾದ ನೆರಳಿದೆ ಎಂದು ಹೇಳುವುದುಂಟು. ಆದರೆ ಅದರ ಪಾತ್ರಗಳು ಕಲ್ಪಿತ, ಪ್ರೇಮಕಥೆ ಕಲ್ಪಿತ. ನಿಜವಾದ ಯೋಧನ ಹೆಸರಿನಲ್ಲಿ ಇಲ್ಲದ್ದನ್ನು ಹೇಳುವ ಗೊಡವೆಗೆ ಅದು ಹೋಗಲಿಲ್ಲ. ಸೋಲಿನ ವ್ಯಥೆಯನ್ನು ಮರೆಮಾಚದೆ ತೋರಿಸಿದ್ದು ಅದರ ಹಿರಿಮೆ. ಹೀಗಿದ್ದರೂ ಚಿತ್ರದ ಹಾಡು ದೇಶದ ಕಂಠದಲ್ಲಿ ಉಳಿಯಿತೇ ಹೊರತು ಕಣಿವೆಯ ಹೆಸರು ಬಹುಕಾಲ ಉಳಿಯಲಿಲ್ಲ. ೨೦೨೫ರಲ್ಲಿ ‘೧೨೦ ಬಹಾದೂರ್’ ಎಂಬ ಚಿತ್ರ ರೆಜಾಂಗ್ ಲಾ ಕದನವನ್ನೇ ವಸ್ತುವಾಗಿಸಿಕೊಂಡಾಗ, ಅಲ್ಲಿ ಮಡಿದವರಲ್ಲಿ ಹೆಚ್ಚಿನವರು ಸೇರಿದ್ದ ಅಹೀರ್ ಸಮುದಾಯದವರಿಂದ ಆಕ್ಷೇಪ ಬಂದು ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನಾಯಕನೊಬ್ಬನ ಕೀರ್ತಿಯಲ್ಲಿ ಉಳಿದವರ ಪಾಲು ಕರಗಬಾರದೆಂಬುದು ಆ ಆಕ್ಷೇಪದ ತಿರುಳು. ಚಿತ್ರ ಅದಕ್ಕೆ ಎಷ್ಟು ಪಾತ್ರವೆಂಬ ತೀರ್ಪು ಬೇರೆ. ಆದರೆ ಆ ಬೇಡಿಕೆಯ ಹಿಂದಿನ ನ್ಯಾಯ ಸ್ಪಷ್ಟವಾಗಿದೆ. ಅದು ನ್ಯಾಸದ ಪೂರ್ಣ ಸಂಖ್ಯೆಯನ್ನು ನೆನಪಿಟ್ಟುಕೊಂಡವರ ಬೇಡಿಕೆ.

ಚಿತ್ರಕಾರರ ಪಕ್ಷದಿಂದ ಬರುವ ಸಮಾಧಾನಗಳನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಬೇಕು. ಮೊದಲನೆಯದು, ಚಿತ್ರವಿಲ್ಲದಿದ್ದರೆ ಈ ಕದನಗಳನ್ನು ನೆನೆಯುವವರೇ ಇರುತ್ತಿರಲಿಲ್ಲ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಸೇನೆಯ ದಾಖಲೆಗಳನ್ನು ಓದುವವರು ನೂರು ಜನರಾದರೆ ಚಿತ್ರವನ್ನು ನೋಡುವವರು ಕೋಟಿ ಜನ. ಆ ಉಪಕಾರವನ್ನು ಅಲ್ಲಗಳೆಯಬಾರದು. ಆದರೆ ಒತ್ತೆಯನ್ನು ಜೋಪಾನವಾಗಿ ಕಾಪಾಡಿದವನಿಗೆ ಪ್ರತಿಫಲ ಸಲ್ಲಬಹುದೇ ಹೊರತು, ಕಾಪಾಡಿದ ಕಾರಣಕ್ಕೆ ಅಸಲಿನಲ್ಲಿ ಕೈಯಾಡಿಸುವ ಹಕ್ಕು ಬರುವುದಿಲ್ಲ.

ಎರಡನೆಯದು, ಕವಿಗಳು ಮಾಡದ ಉತ್ಪ್ರೇಕ್ಷೆ ಯಾವುದು ಎಂಬ ಪ್ರಶ್ನೆ. ಆದಿಕವಿ ಪಂಪನು ವಿಕ್ರಮಾರ್ಜುನವಿಜಯದಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿಸಿ ಮಹಾಭಾರತವನ್ನೇ ಹೇಳಲಿಲ್ಲವೇ? ಹೇಳಿದನು ನಿಜ, ಆದರೆ ಅದರಿಂದ ಯಾರೂ ವಂಚಿತರಾಗಲಿಲ್ಲ. ಅರಿಕೇಸರಿ ಕುರುಕ್ಷೇತ್ರದಲ್ಲಿ ಗಾಂಡೀವ ಹಿಡಿದನೆಂದು ಅಂದಿನ ಸಭೆಯಲ್ಲಿ ನಂಬಿದವರಿಲ್ಲ. ಕವಿ ತನ್ನ ಯೋಜನೆಯನ್ನು ಬಚ್ಚಿಡಲಿಲ್ಲ, ಸಹೃದಯರು ಅದನ್ನು ಅರಿತೇ ಆಸ್ವಾದಿಸಿದರು. ಕೂಟಲೇಖಕ್ಕೆ ವಂಚನೆಯ ನಿಮಿತ್ತವಿರಬೇಕು ಎಂದು ಆಚಾರ್ಯರು ಹೇಳಿರುವುದು ಇಂತಹ ಭೇದಕ್ಕಾಗಿಯೇ. ಅಲಂಕಾರವೆಂದು ತಿಳಿದು ಕೊಟ್ಟುದನ್ನು ಅಲಂಕಾರವೆಂದು ತಿಳಿದು ಪಡೆದಲ್ಲಿ ಅಸತ್ಯವಿಲ್ಲ. ಇಂದಿನ ಎಷ್ಟೋ ಯುದ್ಧಚಿತ್ರಗಳ ಸ್ಥಿತಿ ಹಾಗಿಲ್ಲ. ಜಾಹೀರಾತಿನಲ್ಲಿ ‘ನೈಜ ಘಟನೆಯನ್ನು ಆಧರಿಸಿದ ಚಿತ್ರ’ ಎಂದು ಘೋಷಿಸುತ್ತಾರೆ. ಆಕ್ಷೇಪ ಬಂದಾಗ ‘ಪಾತ್ರ ಸನ್ನಿವೇಶಗಳು ಕಲ್ಪಿತ’ ಎಂಬ ಸಣ್ಣಕ್ಷರದ ಸೂಚನೆಯ ಹಿಂದೆ ನಿಲ್ಲುತ್ತಾರೆ. ನಿಜದ ಬೆಲೆಯೂ ಬೇಕು, ಕಲ್ಪನೆಯ ಸ್ವಾತಂತ್ರ್ಯವೂ ಬೇಕು. ಗಿರಾಕಿಗೊಂದು, ತೆರಿಗೆಯವರಿಗೊಂದು ಎಂದು ಎರಡು ಖಾತೆಪುಸ್ತಕ ಇಡುವ ವರ್ತಕನನ್ನು ಸಮಾಜ ಏನೆಂದು ಕರೆಯುತ್ತದೆಯೋ ಅದೇ ಮಾತು ಇಲ್ಲಿಗೂ ಸಲ್ಲುತ್ತದೆ.

ಮೂರನೆಯ ಸಮಾಧಾನವೇ ಎಲ್ಲಕ್ಕಿಂತ ಗಂಭೀರವಾದುದು. ಲೋಂಗೆವಾಲಾದಲ್ಲಿ ಮಡಿದವರನ್ನು ಹೆಚ್ಚಾಗಿ ತೋರಿಸಿದರೆ ನಷ್ಟವೇನು? ಕಡಿಮೆ ಕೊಟ್ಟರೆ ಅಪಹಾರ. ಹೆಚ್ಚು ಕೊಟ್ಟರೆ ಔದಾರ್ಯವಲ್ಲವೇ? ಮೇಲ್ನೋಟಕ್ಕೆ ಸಮಂಜಸವೆನಿಸುವ ಈ ಮಾತಿನೊಳಗೆ ಒಂದು ಭಯಂಕರವಾದ ಅಳತೆಗೋಲು ಅಡಗಿದೆ. ಇಬ್ಬರ ಮರಣ ಕಥೆಗೆ ಸಾಲದು, ಕಣ್ಣೀರಿಗೆ ಸಾಲದು ಎಂಬುದೇ ಆ ಅಳತೆ. ಶೌರ್ಯವನ್ನು ಸುರಿದ ರಕ್ತದಿಂದ ಅಳೆಯುವವನಿಗೆ ಮಾತ್ರ ಇಬ್ಬರು ಅಲ್ಪವಾಗಿ ಕಾಣುತ್ತಾರೆ. ಆ ರಾತ್ರಿಯ ನಿಜವಾದ ಹಿರಿಮೆ ಮತ್ತೊಂದಿತ್ತು. ಹಿಂದೆ ಸರಿಯುವ ದಾರಿಯಿದ್ದರೂ ನಿಂತದ್ದು, ಆವೇಶದಿಂದ ಬಯಲಿಗೆ ನುಗ್ಗದೆ ಸ್ಥಾನವನ್ನು ಕಾಯ್ದುಕೊಂಡದ್ದು, ಬೆಳಕಿಗಾಗಿ ಸಹನೆಯಿಂದ ಕಾದದ್ದು, ಅದರ ಫಲವಾಗಿ ೧೨೦ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಮಗ ಮರಳಿದ್ದು. ಚಿತ್ರದ ಔದಾರ್ಯ ಈ ಹಿರಿಮೆಯನ್ನೇ ಅಳಿಸಿಹಾಕಿತು. ಹೆಚ್ಚಿಗೆ ಕೊಟ್ಟಂತೆ ತೋರಿದರೂ ಕೊಟ್ಟದ್ದು ಬೇರೆ ನಾಣ್ಯ. ಇಟ್ಟ ನಾಣ್ಯ ಮರಳಲಿಲ್ಲ. ನಿಜವಾಗಿ ಮಡಿದ ಆ ಇಬ್ಬರೂ ಕಲ್ಪಿತ ಮೃತರ ಗುಂಪಿನಲ್ಲಿ ಮರೆಯಾದರು.

ಇಲ್ಲಿಂದ ಪ್ರಶ್ನೆ ಸತ್ಯವನ್ನು ದಾಟಿ ಅಹಿಂಸೆಯನ್ನು ಮುಟ್ಟುತ್ತದೆ. ಆಕ್ರಮಣವನ್ನು ತಡೆಯುವಾಗ ಒದಗುವ ವಿರೋಧೀ ಹಿಂಸೆಯನ್ನು ಗೃಹಸ್ಥನಿಗೆ ಅನಿವಾರ್ಯವೆಂದು ಶ್ರಾವಕಾಚಾರ ಒಪ್ಪುತ್ತದೆ. ಗಡಿ ಕಾಯುವ ಯೋಧನನ್ನು ಅದು ನಿಂದಿಸುವುದಿಲ್ಲ. ಆದರೆ ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ಕೈಯಲ್ಲಿ ಆಯುಧವಿಲ್ಲದವನೂ ಅನುಮೋದನೆಯಿಂದ ಅದರಲ್ಲಿ ಪಾಲುಗೊಳ್ಳುತ್ತಾನೆ. ಹೋರಾಡುವ ಯೋಧನಿಗೆ ಎದುರಾಳಿಯ ಸಾವು ಭಾರವಾದ ಕರ್ತವ್ಯವಾಗಿರಬಹುದು. ಚಿತ್ರಮಂದಿರದಲ್ಲಿ ಆರಾಮಾಗಿ ಕುಳಿತವನಿಗೆ ಅದು ಚಪ್ಪಾಳೆಯ ಸಂದರ್ಭ. ರಾಗದ್ವೇಷಗಳನ್ನು ಕೆರಳಿಸುವ ಕಥೆಗಳನ್ನು ಕೇಳುವುದನ್ನು ದುಃಶ್ರುತಿ ಎಂದು ಕರೆದು, ಅದನ್ನು ಅನರ್ಥದಂಡಗಳಲ್ಲಿ ಸೇರಿಸಿರುವುದು ಈ ಅಪಾಯವನ್ನು ಅರಿತೇ. ಯುದ್ಧದ ಕಥೆಯೆಲ್ಲವೂ ದುಃಶ್ರುತಿಯಲ್ಲ. ಕದನದಲ್ಲಿ ನಡೆದುದನ್ನು ನಡೆದಂತೆ ಹೇಳುವ ಕಥೆ ಕೇಳುಗನನ್ನು ಮೌನವಾಗಿಸುತ್ತದೆ. ದ್ವೇಷವನ್ನು ಉಕ್ಕಿಸಲು ಸಾಮಾನ್ಯವಾಗಿ ನಿಜ ಸಾಲದು, ಸುಳ್ಳನ್ನು ಬೆರೆಸಬೇಕಾಗುತ್ತದೆ. ಎದುರಾಳಿಯನ್ನು ಮೂರ್ಖನನ್ನಾಗಿ, ಅವನ ಸಾವನ್ನು ಹಾಸ್ಯವನ್ನಾಗಿ ಮಾಡಬೇಕಾಗುತ್ತದೆ. ಲೋಂಗೆವಾಲಾದ ಮರಳಿನಲ್ಲಿ ಟ್ಯಾಂಕುಗಳೊಳಗೆ ಸುಟ್ಟುಹೋದವರಿಗೂ ತಾಯಂದಿರಿದ್ದರು. ಆದುದರಿಂದ ಸತ್ಯವ್ರತವು ಇಲ್ಲಿ ಅಹಿಂಸೆಯ ಬೇಲಿಯಾಗಿ ನಿಲ್ಲುತ್ತದೆ.

ಕೆಲವೊಮ್ಮೆ ಕಲ್ಪಿತ ಯುದ್ಧವೇ ನಿಜವಾದ ಹಿಂಸೆಗೆ ಕಾರಣವಾಗಿದೆ. ೧೮೫೪ರ ಕ್ರಿಮಿಯಾ ಯುದ್ಧದ ಪ್ರಸಿದ್ಧ ಅಶ್ವದಾಳಿಯನ್ನು ಕುರಿತು ೧೯೩೬ರಲ್ಲಿ ಹಾಲಿವುಡ್ಡಿನಲ್ಲಿ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಎಂಬ ಚಿತ್ರವನ್ನು ತೆಗೆದರು. ತಪ್ಪಾಗಿ ಅರ್ಥೈಸಿಕೊಂಡ ಆಜ್ಞೆಯಿಂದ ನಡೆದ ಆ ದಾಳಿಗೆ ಚಿತ್ರದಲ್ಲಿ ಸೂರತ್ ಖಾನ್ ಎಂಬ ಕಲ್ಪಿತ ಭಾರತೀಯ ಅರಸನ ಮೇಲಿನ ಸೇಡನ್ನು ಕಾರಣವಾಗಿ ಜೋಡಿಸಲಾಯಿತು. ಓಡುವ ಕುದುರೆಗಳು ಮುಗ್ಗರಿಸಿ ಬೀಳುವ ದೃಶ್ಯಕ್ಕಾಗಿ ಅವುಗಳ ಕಾಲಿಗೆ ತಂತಿ ಕಟ್ಟಲಾಯಿತು. ಹಲವು ಕುದುರೆಗಳು ಸತ್ತವು. ಇಲ್ಲಿ ಕಾರಣವೂ ಸುಳ್ಳು, ಅರಸನೂ ಸುಳ್ಳು. ಮೂಕಪ್ರಾಣಿಗಳ ಸಾವು ಮಾತ್ರ ನಿಜ. ಅನಂತರದ ವರ್ಷಗಳಲ್ಲಿ ಚಿತ್ರೀಕರಣದಲ್ಲಿ ಪ್ರಾಣಿಗಳ ರಕ್ಷಣೆಗೆ ನಿಯಮಗಳು ಬಂದವು. ಹೈಫಾದಲ್ಲಿ ಸತ್ತ ಅರವತ್ತು ಕುದುರೆಗಳ ಸಂಖ್ಯೆ ಯುದ್ಧದ ವರದಿಯಲ್ಲಿ ಉಳಿದುಬಂದಿರುವುದನ್ನು ಇದರೊಡನೆ ಹೋಲಿಸಿದರೆ, ಲೆಕ್ಕವಿಡುವುದೂ ಒಂದು ಬಗೆಯ ದಯೆ ಎಂಬುದು ಮನವರಿಕೆಯಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಚಿತ್ರಗಳನ್ನೇ ಬಹಿಷ್ಕರಿಸುವುದು ಪರಿಹಾರವಲ್ಲ. ಹಾಗೆ ಮಾಡಿದರೆ ಮರೆವಿಗೇ ಗೆಲುವು. ಕಲ್ಪನೆ ಮಾಡುವವನು ಹೆಸರುಗಳನ್ನೂ ಕಲ್ಪಿಸಲಿ. ‘ಹಕೀಕತ್’ ಆ ದಾರಿಯನ್ನು ತೋರಿಸಿದೆ. ನಿಜವಾದ ಹೆಸರನ್ನು ಬಳಸುವವನು ಆ ಹೆಸರಿನವನು ಸತ್ತನೋ ಬದುಕಿದನೋ ಎಂಬಷ್ಟನ್ನಾದರೂ ವಿಚಾರಿಸಲಿ. ಕಥೆಯ ಅನುಕೂಲಕ್ಕಾಗಿ ಬದಲಿಸಿದ್ದನ್ನು ಚಿತ್ರದ ಕೊನೆಯಲ್ಲಿ ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ, ಮಡಿದವರ ಹೆಸರುಗಳೊಡನೆ ತಿಳಿಸಲಿ. ಇದರಿಂದ ಹಣದ ಗಳಿಕೆಗೆ ಕುಂದು ಬರುವುದಿಲ್ಲ. ಬಂದರೂ ಅದು ಪ್ರಾಮಾಣಿಕ ವ್ಯಾಪಾರದಲ್ಲಿ ಸಹಿಸಬೇಕಾದ ನಷ್ಟ.

ಪ್ರೇಕ್ಷಕನ ಹೊಣೆ ಇದಕ್ಕಿಂತ ಕಡಿಮೆಯದಲ್ಲ. ಅಲ್ಪವನ್ನು ಕೇಳುವವನು ಇರುವವರೆಗೆ ಅಲ್ಪವನ್ನು ಕೊಡುವವನೂ ಇರುತ್ತಾನೆ. ಚಿತ್ರ ನೋಡಿ ಬಂದ ಮಕ್ಕಳೊಡನೆ ಮನೆಯ ಹಿರಿಯರು ಒಂದು ಗಂಟೆ ಕುಳಿತು, ಆ ದಿನ ನಿಜವಾಗಿ ನಡೆದದ್ದೇನು, ಎಷ್ಟು ಜನ ಮಡಿದರು, ಎಷ್ಟು ಜನ ಮರಳಿದರು, ಎದುರು ಪಕ್ಷದಲ್ಲಿ ಸತ್ತವರೆಷ್ಟು ಎಂದು ಪುಸ್ತಕ ತೆರೆದು ನೋಡುವುದು ಕಷ್ಟದ ಕೆಲಸವಲ್ಲ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ಹಾದುಹೋಗುವಾಗ ಒಂದು ನಿಮಿಷ ನಿಂತು ಅದರ ಕಲ್ಲನ್ನು ಓದುವುದೂ ಕಷ್ಟವಲ್ಲ.

ಪೂಜ್ಯಪಾದರ ದೃಷ್ಟಾಂತದಲ್ಲಿ ಒತ್ತೆ ಇಟ್ಟವನು ಬದುಕಿದ್ದನು; ತಡವಾಗಿಯಾದರೂ ನೆನಪು ಮರಳಿ ಅವನು ತನ್ನ ಪಾಲನ್ನು ಕೇಳಬಹುದಿತ್ತು. ರೆಜಾಂಗ್ ಲಾದ ಹಿಮದಲ್ಲಿ, ಕಾರ್ಮೆಲ್ ಬೆಟ್ಟದ ತಪ್ಪಲಲ್ಲಿ ಉಳಿದವರು ಇನ್ನು ಬಂದು ಕೇಳುವವರಲ್ಲ. ಕೇಳುವವರಿಲ್ಲದ ಲೆಕ್ಕವನ್ನು ಸರಿಯಾಗಿ ಇಡುವವನ ಪ್ರಾಮಾಣಿಕತೆಯನ್ನೇ ವ್ರತವೆಂದು ಕರೆಯುವುದು.